ವ್ಯಾಪಾರ ಸಂಸ್ಥೆಗೊಬ್ಬ ಕಾನೂನು ಸಹಾಯಕ ಬೇಕೇ?

ವರ್ಷಾಂತ್ಯದ ಲೆಕ್ಕಪರಿಶೋಧನೆಯಲ್ಲಿ ಬಾಕಿದಾರರ ಪಟ್ಟಿಯನ್ನು ಪರಿಶೀಲಿಸುವಾಗ ಹಲವು ಸಂಸ್ಥೆಗಳಲ್ಲಿ ಮೂರು ವರ್ಷ ದಾಟಿದ ಬಾಕಿಗಳು ಕಣ್ಣಿಗೆ ಬೀಳುತ್ತವೆ. ಏನು ಕ್ರಮ ಕೈಗೊಂಡಿದ್ದೀರಿ ಎಂದು ಮಾಲೀಕರನ್ನು ಕೇಳಿದರೆ, 'ವಕೀಲರಿಗೆ ಹೇಳಿದ್ದೇವೆ' ಎಂಬ ಉತ್ತರ ಬರುತ್ತದೆ. ವಕೀಲರನ್ನು ಕೇಳಿದರೆ, 'ಕಾಗದಪತ್ರ ಇನ್ನೂ ಕೈಸೇರಿಲ್ಲ' ಎನ್ನುತ್ತಾರೆ. ಈ ಎರಡು ಉತ್ತರಗಳ ನಡುವೆ ವ್ಯಾಪಾರಿಯ ಹಣ ಕರಗಿಹೋಗುತ್ತದೆ.

ಸಣ್ಣ ವ್ಯಾಪಾರಿಗಳ ಹಾಗೂ ಉತ್ಪಾದಕರ ನ್ಯಾಯವಾದ ಹಕ್ಕುಗಳು ಸೋಲುವುದು ಅನೇಕ ವೇಳೆ ಕಾನೂನಿನ ಜಟಿಲತೆಯಿಂದಲ್ಲ. ತಪ್ಪಿಹೋದ ತಾರೀಖಿನಿಂದ ಮತ್ತು ಸಮಯಕ್ಕೆ ಸಿಗದ ಕಾಗದದಿಂದ. ಇವೆರಡನ್ನು ಕಾಯುವುದೇ ಕಾನೂನು ಸಹಾಯಕನ ಮುಖ್ಯ ಕೆಲಸ. ವಕೀಲರ ಕಚೇರಿಯ ಗುಮಾಸ್ತರು ಈ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತ ಬಂದಿದ್ದಾರೆ. ಕಾನೂನು ಸೇವಾ ಪ್ರಾಧಿಕಾರಗಳ ಪ್ಯಾರಾ ಲೀಗಲ್ ಸ್ವಯಂಸೇವಕರು ಜನಸಾಮಾನ್ಯರಿಗೆ ನೆರವಾಗುವವರು. ಅವರ ಕ್ಷೇತ್ರ ಬೇರೆ. ಇಲ್ಲಿ ಪ್ರಸ್ತಾಪಿಸುತ್ತಿರುವುದು ನಮ್ಮದೇ ಸಂಸ್ಥೆಯಲ್ಲಿ ಕುಳಿತು, ನಮ್ಮ ಖಾತೆ ಪುಸ್ತಕಕ್ಕೂ ವಕೀಲರ ಕಡತಕ್ಕೂ ಸೇತುವೆಯಾಗುವ ನೌಕರನ ಬಗ್ಗೆ.

ಚೆಕ್ ಅಮಾನ್ಯವಾದಾಗ

ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೆಯ ಕಲಂ ವ್ಯಾಪಾರಿಗಳಿಗೆಲ್ಲ ಪರಿಚಿತ. ಆದರೆ ಅದರೊಳಗಿನ ದಿನಗಳ ಲೆಕ್ಕ ಅಷ್ಟೇ ಪರಿಚಿತವಲ್ಲ. ಚೆಕ್ಕನ್ನು ಅದರ ತಾರೀಖಿನಿಂದ 3 ತಿಂಗಳೊಳಗೆ ಬ್ಯಾಂಕಿಗೆ ಹಾಜರುಪಡಿಸಬೇಕು. ಹಣವಿಲ್ಲದೆ ಮರಳಿದೆ ಎಂಬ ಮಾಹಿತಿ ಬ್ಯಾಂಕಿನಿಂದ ದೊರೆತ 30 ದಿನಗಳೊಳಗೆ ನೋಟಿಸ್ ನೀಡಬೇಕು. ನೋಟಿಸ್ ತಲುಪಿದ ಮೇಲೆ ಹಣ ಪಾವತಿಗೆ 15 ದಿನಗಳ ಅವಕಾಶವಿದೆ. ಆ ಅವಧಿ ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು ದಾಖಲಾಗಬೇಕು.

ಉದಾಹರಣೆಗೆ, ಜನವರಿ 12ರಂದು ಚೆಕ್ ಮರಳಿದ ಮಾಹಿತಿ ಬಂದಿತೆನ್ನೋಣ. ಫೆಬ್ರವರಿ 11ರೊಳಗೆ ನೋಟಿಸ್ ಹೊರಡಬೇಕು. ಅದು ಫೆಬ್ರವರಿ 14ರಂದು ಎದುರಾಳಿಗೆ ತಲುಪಿದರೆ, ಫೆಬ್ರವರಿಯಲ್ಲಿ 28 ದಿನಗಳಿರುವ ವರ್ಷದಲ್ಲಿ, ಮಾರ್ಚ್ 1ಕ್ಕೆ 15 ದಿನ ಮುಗಿಯುತ್ತದೆ. ದೂರಿಗೆ ಏಪ್ರಿಲ್ 2ರವರೆಗೆ ಅವಕಾಶವಿದ್ದರೂ ರಿಜಿಸ್ಟರಿನಲ್ಲಿ ಮಾರ್ಚ್ 20 ಎಂದು ಬರೆದಿಡುವುದು ಜಾಣತನ. ದೂರು ತಡವಾದರೆ ಸಮರ್ಥ ಕಾರಣ ತೋರಿಸಿ ನ್ಯಾಯಾಲಯದ ಮನ್ನಣೆ ಕೋರಬಹುದು. ನೋಟಿಸಿನ 30 ದಿನ ತಪ್ಪಿದರೆ ಅಂಥ ವಿನಾಯಿತಿ ಇಲ್ಲ.

ತಾರೀಖಿನಷ್ಟೇ ಅಂಕಿಯೂ ಮುಖ್ಯ. 2025ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಪ್ರಕರಣವೊಂದರಲ್ಲಿ ಚೆಕ್ಕಿನ ಮೊತ್ತ 1 ಕೋಟಿ ರೂಪಾಯಿ. ನೋಟಿಸಿನಲ್ಲಿ ಕೇಳಿದ್ದು 2 ಕೋಟಿ. ಅದು ಬೆರಳಚ್ಚಿನ ದೋಷವೆಂಬ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ನೋಟಿಸೇ ಊರ್ಜಿತವಲ್ಲವೆಂದು ತೀರ್ಪಿತ್ತಿತು. ಚೆಕ್ಕನ್ನು ಎದುರಿಗಿಟ್ಟುಕೊಂಡು ನೋಟಿಸನ್ನು ಒಮ್ಮೆ ತಾಳೆ ನೋಡುವ ಐದು ನಿಮಿಷದ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದು ಇದರಿಂದ ಸ್ಪಷ್ಟ.

ಬಾಕಿ ವಸೂಲಿಯ ಗಡುವುಗಳು

ಮಾರಿದ ಸರಕಿನ ಬೆಲೆಗಾಗಿ ದಾವೆ ಹೂಡಲು 1963ರ ಕಾಲಮಿತಿ ಕಾಯ್ದೆಯಲ್ಲಿ 3 ವರ್ಷಗಳ ಅವಧಿಯಿದೆ. ಉದ್ದರಿಗೆ ದಿನ ಗೊತ್ತುಪಡಿಸಿದ್ದರೆ ಆ ದಿನ ಮುಗಿದಂದಿನಿಂದ, ಇಲ್ಲವಾದರೆ ಸರಕು ಒಪ್ಪಿಸಿದಂದಿನಿಂದ ಲೆಕ್ಕ. ಈ ಅವಧಿಯೊಳಗೆ ಬಾಕಿದಾರರು ಸಾಲವನ್ನು ಒಪ್ಪಿ ಬರಹದಲ್ಲಿ ಸಹಿ ಮಾಡಿಕೊಟ್ಟರೆ ಅಂದಿನಿಂದ ಹೊಸದಾಗಿ 3 ವರ್ಷ ದೊರೆಯುತ್ತದೆ. ಅವಧಿ ಮುಗಿದ ಮೇಲೆ ಪಡೆದ ಸಹಿಗೆ ಈ ಫಲವಿಲ್ಲ. ಆದ್ದರಿಂದ ಪ್ರತಿ ಮಾರ್ಚ್ 31ಕ್ಕೆ ಬಾಕಿ ದೃಢೀಕರಣ ಪತ್ರಗಳನ್ನು ಕಳುಹಿಸಿ, ಸಹಿಯೊಂದಿಗೆ ಹಿಂಪಡೆಯುವುದು ಸಹಾಯಕನ ವಾರ್ಷಿಕ ಕರ್ತವ್ಯವಾಗಬೇಕು.

ಉದ್ಯಮ್ ನೋಂದಣಿಯುಳ್ಳ ಸೂಕ್ಷ್ಮ ಮತ್ತು ಸಣ್ಣ ಉತ್ಪಾದಕರಿಗೆ 2006ರ ಎಂ.ಎಸ್.ಎಂ.ಇ.ಡಿ. ಕಾಯ್ದೆ ಇನ್ನೊಂದು ಬಾಗಿಲು ತೆರೆದಿದೆ. ಒಪ್ಪಂದ ಏನೇ ಇದ್ದರೂ ಖರೀದಿದಾರರು 45 ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ದರದಲ್ಲಿ, ತಿಂಗಳಿಗೊಮ್ಮೆ ಸೇರಿಸುವ ಚಕ್ರಬಡ್ಡಿ ತೆರಬೇಕು. ಫೆಸಿಲಿಟೇಶನ್ ಕೌನ್ಸಿಲಿನ ತೀರ್ಪನ್ನು ಪ್ರಶ್ನಿಸುವ ಖರೀದಿದಾರರು ಮೊದಲು ಶೇಕಡ 75ರಷ್ಟು ಹಣವನ್ನು ಠೇವಣಿ ಇಡಬೇಕು. ಆದರೆ ಕೇವಲ ಸಗಟು ಅಥವಾ ಚಿಲ್ಲರೆ ವ್ಯಾಪಾರ ಮಾಡುವವರಿಗೆ 2021ರಲ್ಲಿ ದೊರೆತ ಎಂ.ಎಸ್.ಎಂ.ಇ. ಮಾನ್ಯತೆ ಆದ್ಯತಾ ವಲಯದ ಸಾಲಕ್ಕೆ ಮಾತ್ರ ಸೀಮಿತ ಎಂಬುದನ್ನು ವ್ಯಾಪಾರಿ ಬಾಂಧವರು ಮರೆಯಬಾರದು.

3 ಲಕ್ಷ ರೂಪಾಯಿ ಅಥವಾ ಹೆಚ್ಚಿನ ಮೌಲ್ಯದ ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಪರಿಹಾರ ಬೇಡದಿದ್ದಲ್ಲಿ, ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ. ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಇದನ್ನು ಖಚಿತಪಡಿಸಿದೆ.

ನೋಟಿಸ್ ನಮಗೇ ಬಂದಾಗ

ವಾಣಿಜ್ಯ ದಾವೆಯಲ್ಲಿ ನಾವು ಪ್ರತಿವಾದಿಗಳಾದರೆ, ಸಮನ್ಸ್ ಜಾರಿಯಾದ 120 ದಿನಗಳ ನಂತರ ಲಿಖಿತ ಹೇಳಿಕೆ ಸಲ್ಲಿಸುವ ಹಕ್ಕೇ ಉಳಿಯುವುದಿಲ್ಲ. ಜಿ.ಎಸ್.ಟಿ. ಆದೇಶದ ವಿರುದ್ಧ ಮೊದಲ ಮೇಲ್ಮನವಿಗೆ 3 ತಿಂಗಳು. ಸಕಾರಣವಿದ್ದರೆ ಮತ್ತೊಂದು ತಿಂಗಳು. ಪೋರ್ಟಲಿನಲ್ಲಿ ಹಾಕುವುದೂ ಕಾನೂನು ಒಪ್ಪಿದ ಜಾರಿ ವಿಧಾನಗಳಲ್ಲೊಂದು. ಅಂಚೆಯವನನ್ನೇ ಕಾಯುತ್ತ ಕುಳಿತ ವ್ಯಾಪಾರಿಗೆ ಆದೇಶದ ಸುದ್ದಿ ತಿಳಿಯುವುದು ಬ್ಯಾಂಕ್ ಖಾತೆ ಜಪ್ತಿಯಾದಾಗ. ವಾರಕ್ಕೆ ಎರಡು ಬಾರಿ ಪೋರ್ಟಲ್ ಮತ್ತು ಇ-ಮೇಲ್ ನೋಡುವುದು, ಇ-ಕೋರ್ಟ್ಸ್ ಜಾಲತಾಣದಲ್ಲಿ ಸಿ.ಎನ್.ಆರ್. ಸಂಖ್ಯೆಯ ಮೂಲಕ ಪ್ರಕರಣಗಳ ಮುಂದಿನ ದಿನಾಂಕ ಗುರುತಿಸುವುದು ಸಹಾಯಕನ ನಿತ್ಯವಿಧಿಯಾಗಬೇಕು.

ಮೊಬೈಲ್ ಸಂದೇಶವೂ ದಾಖಲೆ

ಇಂದು ಆರ್ಡರು, ದರ, ವಾಯಿದೆ ಎಲ್ಲವೂ ವಾಟ್ಸಾಪ್ ಮೂಲಕವೇ ನಡೆಯುತ್ತಿವೆ. ಅವುಗಳ ಮುದ್ರಿತ ಪ್ರತಿಯನ್ನು ಹಾಗೆಯೇ ನ್ಯಾಯಾಲಯಕ್ಕೆ ಕೊಟ್ಟರೆ ಸಾಲದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ಎರಡು ಭಾಗಗಳ ಪ್ರಮಾಣಪತ್ರ ಬೇಕು: ಒಂದು ಭಾಗ ದಾಖಲೆ ಹಾಜರುಪಡಿಸುವವರದು, ಇನ್ನೊಂದು ತಜ್ಞರದು. ಮೊಬೈಲ್ ಬದಲಿಸುವ ಮುನ್ನ ಸಂದೇಶಗಳನ್ನು ಕಾಪಿಡುವುದು, ಇನ್‌ವಾಯ್ಸ್, ಇ-ವೇ ಬಿಲ್, ಸರಕು ಸ್ವೀಕೃತಿ ಮತ್ತು ಅಂಚೆ ರಸೀದಿಗಳನ್ನು ಒಂದೇ ಕಡತದಲ್ಲಿ ಜೋಡಿಸುವುದು ಅಗತ್ಯ.

ದಾಟಬಾರದ ಗೆರೆ

ಸಹಾಯಕ ವಕೀಲನಲ್ಲ. 1961ರ ವಕೀಲರ ಕಾಯ್ದೆಯಂತೆ ವಕೀಲಿ ವೃತ್ತಿ ನಡೆಸುವ ಹಕ್ಕು ನೋಂದಾಯಿತ ವಕೀಲರದು. ನ್ಯಾಯಾಲಯದ ಹೊರಗಿನ ಕಾನೂನು ಸಲಹೆಯೂ ಈ ವೃತ್ತಿಯೊಳಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ. ಕಾನೂನು ಪದವೀಧರನನ್ನೇ ಪೂರ್ಣಕಾಲಿಕ ಸಂಬಳಕ್ಕೆ ನೇಮಿಸಿಕೊಂಡರೂ, ಆ ಅವಧಿಯಲ್ಲಿ ಆತ ವಕೀಲಿ ನಡೆಸುವಂತಿಲ್ಲ. ಆದರೆ ವ್ಯವಹಾರವನ್ನು ಸ್ವತಃ ಬಲ್ಲ ನೌಕರ, ಸಂಸ್ಥೆ ಅಧಿಕಾರ ಪತ್ರ ಕೊಟ್ಟಲ್ಲಿ, ಚೆಕ್ ಪ್ರಕರಣದಲ್ಲಿ ಅದರ ಪರ ಸಾಕ್ಷ್ಯ ನುಡಿಯಬಹುದು.

ಇನ್ನೊಂದು ಎಚ್ಚರಿಕೆ: ವಕೀಲರೊಂದಿಗಿನ ಸಮಾಲೋಚನೆಗೆ ಇರುವ ಗೋಪ್ಯತೆಯ ಪೂರ್ಣ ರಕ್ಷಣೆ ಸಂಸ್ಥೆಯ ಸಂಬಳದ ಕಾನೂನು ಸಲಹೆಗಾರರಿಗೂ ಇಲ್ಲವೆಂದು 2025ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಸೂಕ್ಷ್ಮ ವಿಷಯಗಳನ್ನು ನೇರವಾಗಿ ವಕೀಲರಲ್ಲೇ ಚರ್ಚಿಸಬೇಕು. ಸಹಿ ಮಾಡಿದ ಖಾಲಿ ಕಾಗದ, ಮೊಹರು ಮತ್ತು ಡಿಜಿಟಲ್ ಸಹಿಯ ಸಾಧನವನ್ನು ಸಹಾಯಕನ ವಶಕ್ಕೆ ಬಿಡಬಾರದು.

ಎಲ್ಲಿಂದ ಆರಂಭಿಸಬೇಕು?

ಇದಕ್ಕೆ ದೊಡ್ಡ ಹುದ್ದೆ ಸೃಷ್ಟಿಸಬೇಕಿಲ್ಲ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಪತ್ರ ಬರೆಯಬಲ್ಲ, ಖಾತೆ ಪುಸ್ತಕ ಓದಬಲ್ಲ ವಾಣಿಜ್ಯ ಪದವೀಧರ ಸಾಕು. ಒಬ್ಬರಿಗೆ ಭಾರವೆನಿಸಿದರೆ ಒಂದೇ ಬೀದಿಯ ನಾಲ್ಕೈದು ಅಂಗಡಿಗಳು ಸೇರಿ ಒಬ್ಬರನ್ನು ನೇಮಿಸಿಕೊಳ್ಳಬಹುದು; ಆದರೆ ಪ್ರತಿ ಸಂಸ್ಥೆಯ ಕಡತ ಪ್ರತ್ಯೇಕವಾಗಿ ಬೀಗದಲ್ಲಿರಬೇಕು.

ಮೊದಲು ಒಂದು ರಿಜಿಸ್ಟರ್ ತೆರೆಯಿರಿ. ಬಾಕಿದಾರರ ಹೆಸರು, ಮೊತ್ತ, ಸರಕು ಒಪ್ಪಿಸಿದ ದಿನ, ಕೊನೆಯ ಲಿಖಿತ ಒಪ್ಪಿಗೆ, ಕಾಲಮಿತಿ ಮುಗಿಯುವ ದಿನ, ಕಡತ ವಕೀಲರಿಗೆ ತಲುಪಿದ ದಿನ ಮತ್ತು ಅವರ ಸ್ವೀಕೃತಿ ಎಂದು ಏಳು ಕಲಮುಗಳಿರಲಿ. ಪ್ರತಿ ಸೋಮವಾರ ಮಾಲೀಕರೇ ಅದನ್ನು ನೋಡಿ ಸಹಿ ಮಾಡಲಿ. ಮುಂದಿನ ಆರು ತಿಂಗಳಲ್ಲಿ ಕಾಲಮಿತಿ ಮೀರಲಿರುವ ಬಾಕಿಗಳು ಎಷ್ಟಿವೆ ಎಂಬುದನ್ನು ಮೊದಲ ಸೋಮವಾರವೇ ಕೂಡಿ ನೋಡಿದರೆ, ಸಹಾಯಕನ ಸಂಬಳ ಹೊರೆಯೋ ಉಳಿತಾಯವೋ ಎಂಬುದನ್ನು ಆ ಮೊತ್ತವೇ ಹೇಳುತ್ತದೆ.