ಸ್ಪ್ರಿಂಗ್ ಸೋತರೆ ಸಾವು ತಡವಾಗುತ್ತದೆ

ಕೆನಡಾದ ಕಾಡುಗಳಲ್ಲಿ ತುಪ್ಪಳದ ಬೇಟೆ ಚಳಿಗಾಲದ ಕಸುಬು. ಚಳಿ ಬಲಿತಂತೆ ಬೀವರ್, ಮಾರ್ಟೆನ್‌ನಂಥ ಪ್ರಾಣಿಗಳ ತುಪ್ಪಳ ದಟ್ಟವಾಗುತ್ತದೆ. ಬೆಚ್ಚನೆಯ ದಿನಗಳು ಬಂದರೆ ಉದುರತೊಡಗುತ್ತದೆ. ಆಗ ಬೋನುಗಳು ಕಾಡಿನಿಂದ ಶೆಡ್ಡಿಗೆ ಮರಳುತ್ತವೆ. ಆ ಬಿಡುವಿನ ತಿಂಗಳುಗಳಲ್ಲಿ ಅವನ್ನು ಹೇಗೆ ಇಡುತ್ತಾರೆ ಎಂಬುದರ ಮೇಲೆ, ಮುಂದಿನ ಚಳಿಗಾಲ ಸಿಕ್ಕಿಬೀಳುವ ಪ್ರಾಣಿ ಎಷ್ಟು ಹೊತ್ತು ನರಳುತ್ತದೆ ಎಂಬುದು ನಿಂತಿದೆ.

ಕಾಲನ್ನು ಕಚ್ಚಿ ಹಿಡಿಯುವ ಹಳೆಯ ಬೋನಿನಲ್ಲಿ ಪ್ರಾಣಿ ಗಂಟೆಗಟ್ಟಲೆ ಒದ್ದಾಡುತ್ತಿತ್ತು. ಅದನ್ನು ತಪ್ಪಿಸಲು ಕೆನಡಾದ ಬೇಟೆಗಾರ ಫ್ರಾಂಕ್ ಕಾನಿಬೇರ್ ರೂಪಿಸಿದ ಬೋನು 1950ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂತು. ದಪ್ಪ ಉಕ್ಕಿನ ಸರಳಿನ ಎರಡು ಚೌಕಟ್ಟು, ಪಕ್ಕಕ್ಕೆ ಸ್ಪ್ರಿಂಗ್, ನಡುವೆ ಇಳಿಬಿದ್ದ ಎರಡು ತಂತಿ. ಪ್ರಾಣಿ ನುಸುಳುವಾಗ ತಂತಿ ಅಲುಗಿದರೆ ಚೌಕಟ್ಟುಗಳು ತಿರುಗಿ ಕುತ್ತಿಗೆಗೋ ಎದೆಗೋ ಬಡಿದು ಅದುಮಿ ಹಿಡಿಯುತ್ತವೆ.

1997ರಲ್ಲಿ ಕೆನಡಾ ಮತ್ತು ಯುರೋಪಿಯನ್ ಒಕ್ಕೂಟ ಮಾಡಿಕೊಂಡ ಒಪ್ಪಂದ ಈ ನರಳಾಟಕ್ಕೊಂದು ಗಡುವು ಹಾಕಿತು. ಬೋನಿಗೆ ಸಿಕ್ಕ ಎರ್ಮಿನ್ ಎಂಬ ಪುಟ್ಟ ಪ್ರಾಣಿ 45 ಸೆಕೆಂಡಿನೊಳಗೆ, ಮಾರ್ಟೆನ್ 120 ಸೆಕೆಂಡಿನೊಳಗೆ, ಒಪ್ಪಂದದ ಪಟ್ಟಿಯಲ್ಲಿರುವ ಉಳಿದ ಪ್ರಾಣಿಗಳು 300 ಸೆಕೆಂಡಿನೊಳಗೆ ಪ್ರಜ್ಞೆ ಕಳೆದುಕೊಳ್ಳಬೇಕು. ಪರೀಕ್ಷಿಸಿದ ಪ್ರಾಣಿಗಳಲ್ಲಿ ಕನಿಷ್ಠ 80% ಈ ಮಿತಿಯೊಳಗೆ ಬಂದರೆ ಮಾತ್ರ ಬೋನು ಪಾಸು.

ಪರೀಕ್ಷೆಯಲ್ಲಿ ಗೆದ್ದ ಮಾದರಿಯೂ ತುಕ್ಕು ಹಿಡಿದರೆ ಬೇರೆಯದೇ ಬೋನಾಗುತ್ತದೆ. ಏಟಿನ ಶಕ್ತಿ ವೇಗದ ವರ್ಗಕ್ಕೆ ಅನುಗುಣ. ತುಕ್ಕಿನ ಘರ್ಷಣೆಯಿಂದ ಚೌಕಟ್ಟಿನ ವೇಗ 10% ಕುಗ್ಗಿದರೆ, ಏಟಿನ ಶಕ್ತಿ 19% ಕುಗ್ಗುತ್ತದೆ. ತುಕ್ಕು ತಿಂದ ಗುಳಿಗಳಲ್ಲಿ ಬಿರುಕು ಹುಟ್ಟಿ, ಸ್ಪ್ರಿಂಗ್ ಒಂದು ದಿನ ಮುರಿಯಲೂಬಹುದು.

ಹಾಗಾಗಿ ಋತು ಮುಗಿದೊಡನೆ ಬೋನನ್ನು ತೊಳೆದು, ರಕ್ತ, ಮಣ್ಣು, ಸಡಿಲ ತುಕ್ಕನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತಾರೆ. ನಂತರ ಲಾಗ್‌ವುಡ್ ಮರದ ಚಕ್ಕೆಯನ್ನೋ ಟ್ಯಾನಿನ್ ಎಂಬ ಒಗರು ತುಂಬಿದ ಮರದ ತೊಗಟೆಯನ್ನೋ ಹಾಕಿದ ನೀರಿನಲ್ಲಿ ಕುದಿಸುವುದು ಹಳೆಯ ಪದ್ಧತಿ. ಕಬ್ಬಿಣದ ಚಾಕುವಿನಲ್ಲಿ ನೆಲ್ಲಿಕಾಯಿ ಹೆಚ್ಚಿದಾಗ ಕಪ್ಪು ಕಟ್ಟುತ್ತದಲ್ಲ, ತೊಗಟೆಯ ನೀರಿನಲ್ಲಿ ನಡೆಯುವುದೂ ಅದೇ ರಸಾಯನ ಕ್ರಿಯೆ: ಟ್ಯಾನಿನ್ ಕಬ್ಬಿಣದೊಂದಿಗೆ ಬೆರೆತು ಕಪ್ಪು ಪದರವಾಗುತ್ತದೆ. ಈ ಪದರ ಹೊಸ ತುಕ್ಕನ್ನು ನಿಧಾನಿಸುತ್ತದೆ, ಲೋಹದ ಹೊಳಪನ್ನೂ ಮರೆಸುತ್ತದೆ. ಹೊಚ್ಚ ಹೊಸ ಬೋನಿಗೆ ಕಾರ್ಖಾನೆಯ ಎಣ್ಣೆ ತೆಗೆದು, ತೆಳುವಾಗಿ ತುಕ್ಕು ಬರಿಸಿಯೇ ಬಣ್ಣ ಹಾಕುತ್ತಾರೆ. ಇಲ್ಲದಿದ್ದರೆ ಬಣ್ಣ ಹತ್ತುವುದಿಲ್ಲ.

ಕುದಿಯುವ ನೀರಿನ 100 ಡಿಗ್ರಿ ಉಷ್ಣ ಸ್ಪ್ರಿಂಗಿಗೆ ಏನೂ ಮಾಡದು. ತುಕ್ಕು ಸುಡಲೆಂದು ಬೆಂಕಿಗೆ ಹಾಕಿದರೆ ಮಾತ್ರ ಉಕ್ಕಿನ ಹದವೇ ಕೆಡುತ್ತದೆ. ಮೇಣದಲ್ಲೂ ಎಚ್ಚರ ಬೇಕು. ಕಾಲು ಹಿಡಿಯುವ ಬೋನಿಗೆ ಮೇಣ ಸವರುವ ರೂಢಿಯಿದೆ. ಮೈ ಅದುಮುವ ಬೋನಿನಲ್ಲಿ ಅದು ಒಡ್ಡಿದ ಚೌಕಟ್ಟನ್ನು ತಡೆದಿಟ್ಟ ಕೊಕ್ಕೆಯನ್ನು ಜಾರಿಸಿ, ಒಡ್ಡುವವನ ಕೈಮೇಲೇ ಸಿಡಿಯುವಂತೆ ಮಾಡುತ್ತದೆ. ಬೀವರ್‌ಗೆ ಬಳಸುವ ದೊಡ್ಡ ಬೋನಿನ ಏಟಿಗೆ ಕೈಮೂಳೆ ಮುರಿದೀತು.

ಬೋನನ್ನು ಒಡ್ಡಿದ ಸ್ಥಿತಿಯಲ್ಲಿ ಇಡಬಾರದು. ಸ್ಪ್ರಿಂಗ್ ಬಿಗಿ ಬಿಟ್ಟಿರಬೇಕು. ತೇವವಿಲ್ಲದ, ಗಾಳಿಯಾಡುವ, ಪೆಟ್ರೋಲಿನ ವಾಸನೆ ತಾಗದ, ಮಕ್ಕಳ ಕೈಗೆಟುಕದ ಜಾಗದಲ್ಲಿ ತೂಗುಹಾಕಬೇಕು. ಮತ್ತೆ ಕಾಡಿಗೆ ಒಯ್ಯುವ ಮುನ್ನ ಚೌಕಟ್ಟು ಸೊಟ್ಟಗಾಗಿದೆಯೇ, ಬೆಸುಗೆ ಬಿಟ್ಟಿದೆಯೇ, ತಂತಿ ಬಾಗಿದೆಯೇ ನೋಡಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೋನು ಒಡ್ಡುವುದನ್ನೂ ಬೇಟೆಯೆಂದೇ ಪರಿಗಣಿಸುತ್ತದೆ. ಕಾನೂನು ಅದಕ್ಕೆ ಅವಕಾಶ ಕೊಟ್ಟಿರುವ ನಾಡುಗಳಲ್ಲಿ ಒಂದು ನಿಯಮವನ್ನಾದರೂ ಸಡಿಲಿಸಬಾರದು: ಸೋತ ಸ್ಪ್ರಿಂಗನ್ನು ಬದಲಿಸಬೇಕು, ಸ್ಪ್ರಿಂಗ್ ಬದಲಿಸಲಾಗದ ಬೋನನ್ನು ಗುಜರಿಗೆ ಹಾಕಬೇಕು.