ಬಳಸಿದ ಕಾರಿನ ರಿಕಾಲ್ ಪರಿಶೀಲನೆ

ಸುರಕ್ಷತಾ ದೋಷ ಕಂಡುಬಂದ ವಾಹನಗಳನ್ನು ತಯಾರಕರು ದುರಸ್ತಿಗಾಗಿ ಹಿಂದಕ್ಕೆ ಕರೆಯುವುದನ್ನು ರಿಕಾಲ್ ಎನ್ನುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಥ ದುರಸ್ತಿ ಬಾಕಿಯಿರುವ ಬಳಸಿದ ಕಾರಿನ ಮಾರಾಟವನ್ನು ಒಕ್ಕೂಟದ ಕಾನೂನು ನಿಷೇಧಿಸಿಲ್ಲ; ಆದ್ದರಿಂದ ಕೊಳ್ಳುವವರೇ ಮುಂಚಿತವಾಗಿ ಪರಿಶೀಲಿಸಿಕೊಳ್ಳಬೇಕಾಗುತ್ತದೆ.

ಒಂದೇ ಮಾದರಿಯ ಎಲ್ಲ ಕಾರುಗಳೂ ರಿಕಾಲ್‌ಗೆ ಒಳಪಡಬೇಕೆಂದಿಲ್ಲ. ಹೀಗಾಗಿ ಪ್ರತಿ ಕಾರಿಗೂ ಇರುವ, 17 ಅಕ್ಷರ ಮತ್ತು ಅಂಕಿಗಳ ವಾಹನ ಗುರುತಿನ ಸಂಖ್ಯೆಯೇ ಪರಿಶೀಲನೆಗೆ ಆಧಾರ. ಚಾಲಕನ ಬದಿಯಲ್ಲಿ ಮುಂಗಾಜಿನ ಕೆಳಗೆ ಕಾಣುವ ಈ ಸಂಖ್ಯೆಯನ್ನು ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷತಾ ಆಡಳಿತದ ಜಾಲತಾಣದಲ್ಲಿ ನಮೂದಿಸಿದರೆ ಬಾಕಿ ರಿಕಾಲ್‌ಗಳ ವಿವರ ಉಚಿತವಾಗಿ ದೊರೆಯುತ್ತದೆ. ದುರಸ್ತಿಯನ್ನು ತಯಾರಕರ ಅಧಿಕೃತ ಮಾರಾಟ ಕೇಂದ್ರಗಳು ಸಾಮಾನ್ಯವಾಗಿ ಶುಲ್ಕವಿಲ್ಲದೆ ಮಾಡಿಕೊಡುತ್ತವೆ.

ಟಕಾಟಾ ಸಂಸ್ಥೆಯ ಏರ್‌ಬ್ಯಾಗ್‌ಗಳಲ್ಲಿ ಅಮೋನಿಯಂ ನೈಟ್ರೇಟ್ ಶಾಖ ಮತ್ತು ತೇವಾಂಶದಿಂದ ವರ್ಷಗಳ ತರುವಾಯ ಕೆಟ್ಟು, ಅಪಘಾತದ ವೇಳೆ ಲೋಹದ ಕೋಶವೇ ಸಿಡಿದು ಕಾರಿನೊಳಗಿದ್ದವರು ಸತ್ತ ಪ್ರಕರಣಗಳಿವೆ. ಇಂಥ ದೋಷವು ಕಾರನ್ನು ಓಡಿಸಿ ನೋಡಿದರೆ ತಿಳಿಯುವಂಥದ್ದಲ್ಲ.