ವಾಹನ ಲಿನಕ್ಸ್: ಆರಂಭಿಕ ಜೋಡಣೆಯ ತೊಡಕುಗಳು ಮತ್ತು ಪರಿಹಾರ ಕ್ರಮಗಳು

ವಾಹನದ ಚಾಲಕನ ಮುಂದಿರುವ ಪರದೆಯಲ್ಲಿ ವೇಗ, ಇಂಧನ, ನಕ್ಷೆ, ಸಂಗೀತ ಮುಂತಾದವುಗಳನ್ನು ತೋರಿಸುವ ಉಪಕರಣಗಳ ತಯಾರಿಕೆಯು ಬಹುಕಾಲ ದೊಡ್ಡ ಕಂಪನಿಗಳ ಸೊತ್ತಾಗಿತ್ತು. 2012ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ ಆರಂಭವಾದ 'ಆಟೋಮೋಟಿವ್ ಗ್ರೇಡ್ ಲಿನಕ್ಸ್' ಯೋಜನೆಯು ಈ ಕ್ಷೇತ್ರದ ಬಾಗಿಲನ್ನು ಸಣ್ಣವರಿಗೂ ತೆರೆಯಿತು. ಟೊಯೋಟಾ, ನಿಸ್ಸಾನ್, ಜಾಗ್ವಾರ್ ಲ್ಯಾಂಡ್ ರೋವರ್ ಮುಂತಾದ ಸಂಸ್ಥೆಗಳು ಆರಂಭದಿಂದಲೇ ಇದಕ್ಕೆ ಕೈಜೋಡಿಸಿದವು. ಅಮೆರಿಕದಲ್ಲಿ ಮಾರಾಟವಾದ 2018ರ ಮಾದರಿಯ ಟೊಯೋಟಾ ಕ್ಯಾಮ್ರಿ ಕಾರಿನ ಪರದೆಯ ಹಿಂದೆ ಇದೇ ತಂತ್ರಾಂಶವಿತ್ತು. ಇದನ್ನು ಯಾರು ಬೇಕಾದರೂ ಪರವಾನಗಿ ಶುಲ್ಕವಿಲ್ಲದೆ ಪಡೆದು ಬಳಸಬಹುದು.

ಆದರೆ ಶುಲ್ಕವಿಲ್ಲವೆಂದ ಮಾತ್ರಕ್ಕೆ ವೆಚ್ಚವಿಲ್ಲವೆಂದು ಭಾವಿಸಲಾಗದು. ಘಟಕಗಳ ಲೆಕ್ಕಪತ್ರಗಳನ್ನು ಪರಿಶೀಲಿಸುವಾಗ ಕಂಡುಬರುವುದೇನೆಂದರೆ, ತಂತ್ರಾಂಶದ ಖಾತೆಯಲ್ಲಿ ಶೂನ್ಯವಿದ್ದರೂ ಸಂಬಳ, ತಜ್ಞರ ಸಂಭಾವನೆ ಮತ್ತು ಪದೇ ಪದೇ ಕೊಂಡ ಬಿಡಿಭಾಗಗಳ ಖಾತೆಗಳು ಬೆಳೆದಿರುತ್ತವೆ. ಮಾದರಿ ಉಪಕರಣವನ್ನು ಗೊತ್ತುಪಡಿಸಿದ ದಿನಾಂಕಕ್ಕೆ ತೋರಿಸಲಾಗದ ಸಣ್ಣ ತಯಾರಕನು ಆದೇಶವನ್ನೇ ಕಳೆದುಕೊಳ್ಳುವ ಸಂಭವವೂ ಉಂಟು. ಈ ವಿಳಂಬಕ್ಕೆ ಕಾರಣವಾಗುವ ತೊಡಕುಗಳಲ್ಲಿ ಬಹುಪಾಲು ಸರಳವಾದವು. ಕ್ರಮವಾಗಿ ಹುಡುಕಿದರೆ ಹೊರಗಿನ ತಜ್ಞರ ನೆರವಿಲ್ಲದೆ ಪರಿಹಾರವಾಗತಕ್ಕವು.

ತಾಳೆಪಟ್ಟಿಯ ಕ್ರಮ

ತಾಳೆಪಟ್ಟಿ ಹೊಂದದಿದ್ದಾಗ ಅನುಭವಿ ಗುಮಾಸ್ತರು ಎಲ್ಲ ಪುಸ್ತಕಗಳನ್ನೂ ತಿದ್ದಲು ಹೊರಡುವುದಿಲ್ಲ. ಕೊನೆಯ ಬಾರಿಗೆ ಯಾವ ದಿನಾಂಕದಂದು ಹೊಂದಿತ್ತೆಂಬುದನ್ನು ಕಂಡುಕೊಂಡು, ಅಲ್ಲಿಂದ ಮುಂದಿನ ನಮೂದುಗಳನ್ನು ಮಾತ್ರ ನೋಡುತ್ತಾರೆ. ಇಲ್ಲಿಯೂ ಅದೇ ಕ್ರಮ ಅನ್ವಯಿಸುತ್ತದೆ. ತಂತ್ರಾಂಶವನ್ನು ಕಟ್ಟುವುದು, ಕಾರ್ಡಿಗೆ ಬರೆಯುವುದು, ಬೋರ್ಡನ್ನು ಚಾಲನೆಗೊಳಿಸುವುದು, ವಾಹನದ ಸಂಕೇತಗಳನ್ನು ಓದುವುದು, ವಾಹನದಲ್ಲಿ ಅಳವಡಿಸುವುದು, ಈ ಐದು ಹಂತಗಳಲ್ಲಿ ಎಲ್ಲಿಯವರೆಗೆ ಎಲ್ಲವೂ ಸರಿಯಿತ್ತೆಂಬುದನ್ನು ಮೊದಲು ನಿರ್ಧರಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ದಿನಾಂಕ ಸಹಿತ ಒಂದು ವಹಿಯಲ್ಲಿ ಬರೆದಿಡಬೇಕು. ಒಮ್ಮೆಗೇ ಮೂರು ಬದಲಾವಣೆ ಮಾಡಿದವರಿಗೆ ಉಪಕರಣ ನಡೆದರೂ ಏಕೆ ನಡೆಯಿತೆಂಬುದು ತಿಳಿಯುವುದಿಲ್ಲ. ಎರಡನೆಯ ಉಪಕರಣ ಮಾಡುವಾಗ ಅದೇ ತೊಂದರೆ ಮರುಕಳಿಸುತ್ತದೆ.

ತಂತ್ರಾಂಶ ಕಟ್ಟುವ ಹಂತ

ಈ ವ್ಯವಸ್ಥೆಯು 'ಯೋಕ್ಟೋ' ಎಂಬ ಸಾಧನಗಳ ಸಮೂಹದ ಮೇಲೆ ನಿಂತಿದೆ. ಮೂಲ ಸಂಕೇತವನ್ನು ಅಂತರ್ಜಾಲದಿಂದ ತರಿಸಿ, ತಮ್ಮ ಬೋರ್ಡಿಗೆ ಹೊಂದುವಂತೆ ಗಣಕದಲ್ಲಿ ಕಟ್ಟಬೇಕಾಗುತ್ತದೆ. ಮೊದಲ ಬಾರಿಗೆ ಇದಕ್ಕೆ ಹಲವಾರು ಗಂಟೆಗಳು ಹಿಡಿಯುತ್ತವೆ. ಇಲ್ಲಿ ಸಾಮಾನ್ಯವಾಗಿ ಎದುರಾಗುವ ತೊಡಕುಗಳು ಹೀಗಿವೆ:

1. ಸ್ಥಳದ ಕೊರತೆ. ಗಣಕದಲ್ಲಿ 100 ಗಿಗಾಬೈಟ್‌ಗೂ ಹೆಚ್ಚು ಖಾಲಿ ಸ್ಥಳವಿರಬೇಕು. ಇಲ್ಲದಿದ್ದರೆ ಬಹಳ ಹೊತ್ತು ನಡೆದ ಕೆಲಸ ನಡುವೆಯೇ ನಿಲ್ಲುತ್ತದೆ. ಕಚೇರಿಯ ಜಾಲದಲ್ಲಿ ಹಂಚಿಕೊಂಡ ಡಿಸ್ಕಿನ ಮೇಲೆ ಈ ಕೆಲಸ ಮಾಡದೆ ಗಣಕದ ಸ್ವಂತ ಡಿಸ್ಕನ್ನೇ ಬಳಸಬೇಕು.

2. ಮೆಮೊರಿಯ ಕೊರತೆ. ಕಾರಣ ಹೇಳದೆ 'ಕಿಲ್ಡ್' ಎಂಬ ಒಂದೇ ಪದದೊಂದಿಗೆ ಕೆಲಸ ನಿಂತರೆ ಮೊದಲು ಸಂಶಯಿಸಬೇಕಾದುದು ಮೆಮೊರಿಯನ್ನು. ಏಕಕಾಲಕ್ಕೆ ನಡೆಯುವ ಕೆಲಸಗಳ ಸಂಖ್ಯೆಯನ್ನು ಕಡಿಮೆ ಮಾಡಿದರೆ, ನಿಧಾನವಾದರೂ ಕೆಲಸ ಪೂರ್ಣಗೊಳ್ಳುತ್ತದೆ.

3. ಹೆಸರು ಮತ್ತು ಅಧಿಕಾರ. ಕಡತಗಳ ದಾರಿಯಲ್ಲಿ ಖಾಲಿ ಜಾಗವಿರುವ ಹೆಸರುಗಳು ಇರಕೂಡದು. 'ರೂಟ್' ಅಧಿಕಾರದಿಂದ ಈ ಕೆಲಸವನ್ನು ನಡೆಸಲು ಹೋದರೆ ವ್ಯವಸ್ಥೆಯೇ ನಿರಾಕರಿಸುತ್ತದೆ. ಸಾಮಾನ್ಯ ಬಳಕೆದಾರನಾಗಿಯೇ ನಡೆಸಬೇಕು.

4. ಆವೃತ್ತಿಗಳ ಮಿಶ್ರಣ. ಈ ಯೋಜನೆಯ ಆವೃತ್ತಿಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಮೀನುಗಳ ಹೆಸರಿಡಲಾಗುತ್ತದೆ: ಕೋಯ್, ಲ್ಯಾಂಪ್ರೇ, ಮಾರ್ಲಿನ್, ನೀಡಲ್‌ಫಿಶ್ ಇತ್ಯಾದಿ. ಒಂದು ಆವೃತ್ತಿಯ ಮೇಲೆ ಇನ್ನೊಂದು ಆವೃತ್ತಿಗಾಗಿ ಸಿದ್ಧವಾದ ಭಾಗಗಳನ್ನು ಸೇರಿಸಿದರೆ ಹೊಂದಾಣಿಕೆಯಾಗದು. ಬಳಸುತ್ತಿರುವ ಆವೃತ್ತಿಯ ಹೆಸರನ್ನು ವಹಿಯ ಮೊದಲ ಪುಟದಲ್ಲೇ ಬರೆದಿಡುವುದು ಒಳ್ಳೆಯದು.

ಪ್ರಥಮವಾಗಿ ಈ ಕೆಲಸಕ್ಕೆ ಕೈಹಾಕುವವರು ತಾವೇ ಕಟ್ಟುವ ಬದಲು ಯೋಜನೆಯವರು ಒದಗಿಸುವ ಸಿದ್ಧ ಪ್ರತಿಯಿಂದ ಆರಂಭಿಸುವುದು ಲೇಸು. ಬೋರ್ಡ್ ಇಲ್ಲದೆಯೂ 'ಕ್ಯೂಇಎಂಯು' ಎಂಬ ತಂತ್ರಾಂಶದಲ್ಲಿ, ಅಂದರೆ ಗಣಕದೊಳಗಿನ ಕೃತಕ ಯಂತ್ರದಲ್ಲಿ, ಅದಕ್ಕಾಗಿ ಸಿದ್ಧಪಡಿಸಿದ ಪ್ರತಿಯನ್ನು ನಡೆಸಿ ನೋಡಬಹುದು. ತಮ್ಮ ಕಾರ್ಯಕ್ರಮವು ಅಲ್ಲಿ ನಡೆದು ಬೋರ್ಡಿನಲ್ಲಿ ನಡೆಯದಿದ್ದರೆ, ಹುಡುಕಾಟವನ್ನು ಬೋರ್ಡಿನ ಕಡೆಗೆ ತಿರುಗಿಸಬಹುದು.

ಕಾರ್ಡ್, ಬೋರ್ಡ್ ಮತ್ತು ಪರದೆ

ಕಲಿಕೆಗಾಗಿ ಅನೇಕರು ಬಳಸುವ ಬೋರ್ಡ್ 'ರಾಸ್ಪ್‌ಬೆರಿ ಪೈ 4'. ಪರದೆ ಕಪ್ಪಾಗಿಯೇ ಉಳಿಯಿತೆಂಬುದು ಇಲ್ಲಿ ಮೊದಲ ದೂರು. ಆಗ ನೋಡಬೇಕಾದವು ಇವು: ಸಂಕುಚಿತ ಕಡತವನ್ನು ಬಿಡಿಸದೆ ಕಾರ್ಡಿಗೆ ಸುಮ್ಮನೆ ನಕಲು ಮಾಡಲಾಗಿದೆಯೇ? ಕಟ್ಟುವಾಗ ಬೇರೆ ಬೋರ್ಡಿನ ಹೆಸರನ್ನು ಕೊಡಲಾಗಿದೆಯೇ? ಎರಡು ಪರದೆ ಕಿಂಡಿಗಳಲ್ಲಿ ವಿದ್ಯುತ್ ಕಿಂಡಿಗೆ ಹತ್ತಿರವಿರುವ ಮೊದಲನೆಯದಕ್ಕೆ ತಂತಿ ಜೋಡಿಸಲಾಗಿದೆಯೇ? 5 ವೋಲ್ಟ್, 3 ಆಂಪಿಯರ್ ಸಾಮರ್ಥ್ಯದ ವಿದ್ಯುತ್ ಮೂಲವಿದೆಯೇ, ಅಥವಾ ಕೈಗೆ ಸಿಕ್ಕ ಮೊಬೈಲ್ ಚಾರ್ಜರನ್ನು ಹಾಕಲಾಗಿದೆಯೇ?

ಇಷ್ಟಾದರೂ ಕಾರಣ ತಿಳಿಯದಿದ್ದರೆ ಸೀರಿಯಲ್ ತಂತಿಯ ಮೂಲಕ ಬೋರ್ಡಿನ ಆರಂಭದ ಸಂದೇಶಗಳನ್ನು ಓದಬೇಕು. ಬೋರ್ಡಿನಲ್ಲಿ ಸೀರಿಯಲ್ ಸಂಪರ್ಕವನ್ನು ಸಕ್ರಿಯಗೊಳಿಸಿ, ವೇಗವನ್ನು 115200 ಎಂದು ಇಡತಕ್ಕದ್ದು. ಇದಕ್ಕೆ 3.3 ವೋಲ್ಟಿನ ತಂತಿಯನ್ನೇ ಬಳಸಬೇಕು. ಹೆಚ್ಚಿನ ವೋಲ್ಟೇಜಿನದು ಬೋರ್ಡನ್ನು ಹಾಳುಮಾಡುತ್ತದೆ. ವೌಚರ್ ನೋಡದೆ ಖರ್ಚನ್ನು ಒಪ್ಪದಂತೆ, ಈ ಸಂದೇಶಗಳನ್ನು ನೋಡದೆ ಯಾವ ಭಾಗವನ್ನೂ ಬದಲಾಯಿಸಬಾರದು.

ಇನ್ನೊಂದು ಸೂಕ್ಷ್ಮ ತೊಡಕೆಂದರೆ ಗಡಿಯಾರದ್ದು. ಈ ಬೋರ್ಡಿನಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿಲ್ಲ. ಅಂತರ್ಜಾಲವಿಲ್ಲದೆ ಚಾಲನೆಗೊಂಡರೆ ಅದು ಹಿಂದಿನ ಯಾವುದೋ ದಿನಾಂಕವನ್ನು ತೋರಿಸುತ್ತದೆ. ಆ ಕಾರಣ ಸುರಕ್ಷಿತ ಸಂಪರ್ಕದ ಪ್ರಮಾಣಪತ್ರಗಳು ಅಮಾನ್ಯವೆಂದು ತಿರಸ್ಕೃತವಾಗಿ, ಜಾಲ ಸರಿಯಿದ್ದರೂ ಸರ್ವರ್ ಸಿಗುವುದಿಲ್ಲ. ಕೆಲವು ನೂರು ರೂಪಾಯಿಗಳ ಗಡಿಯಾರದ ಭಾಗವೊಂದನ್ನು ಸೇರಿಸಿದರೆ ಇದು ನಿವಾರಣೆಯಾಗುತ್ತದೆ.

ಕ್ಯಾನ್ ಜಾಲ: ಹೆಚ್ಚು ದಿನ ಕಳೆಯುವ ಸ್ಥಳ

ವಾಹನದೊಳಗಿನ ನಿಯಂತ್ರಕಗಳು ಪರಸ್ಪರ ಮಾತನಾಡುವುದು ಬಾಷ್ ಸಂಸ್ಥೆಯು 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಪದ್ಧತಿಯಲ್ಲಿ. ಎರಡು ತಂತಿಗಳ ಈ ಜಾಲದಲ್ಲಿಯೇ ಸಣ್ಣ ಘಟಕಗಳ ಹೆಚ್ಚಿನ ಸಮಯ ವ್ಯಯವಾಗುತ್ತದೆ.

ಮೊದಲನೆಯದಾಗಿ, ಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ರೋಧಕಗಳಿರಬೇಕು. ವಿದ್ಯುತ್ ಆರಿಸಿ ಎರಡು ತಂತಿಗಳ ನಡುವೆ ಮಲ್ಟಿಮೀಟರಿನಿಂದ ಅಳೆದಾಗ ಸುಮಾರು 60 ಓಮ್ ಬಂದರೆ ಸರಿ. 120 ಬಂದರೆ ಒಂದು ತುದಿಯ ರೋಧಕ ಇಲ್ಲ. 40 ಬಂದರೆ ಒಂದು ಹೆಚ್ಚಾಗಿದೆ. ಒಂದು ನಿಮಿಷದ ಈ ಪರೀಕ್ಷೆಯನ್ನು ಮಾಡದೆ ತಂತ್ರಾಂಶವನ್ನು ತಿದ್ದುತ್ತ ಕೂರುವುದು ವ್ಯರ್ಥ.

ಎರಡನೆಯದಾಗಿ, ವೇಗ. ಅನೇಕ ಕಾರುಗಳಲ್ಲಿ ಸೆಕೆಂಡಿಗೆ 500 ಕಿಲೋಬಿಟ್, ಭಾರಿ ವಾಹನಗಳಲ್ಲಿ ಸಾಮಾನ್ಯವಾಗಿ 250 ಕಿಲೋಬಿಟ್ ಇರುತ್ತದೆ. ಜಾಲದ ಎಲ್ಲ ಉಪಕರಣಗಳೂ ಒಂದೇ ವೇಗದಲ್ಲಿರಬೇಕು. ಇಲ್ಲಿ ಒಂದು ಗುಪ್ತ ತೊಡಕಿದೆ. ಮಾರುಕಟ್ಟೆಯಲ್ಲಿ ಅಗ್ಗವಾಗಿ ಸಿಗುವ ಎಂಸಿಪಿ 2515 ಚಿಪ್ಪಿನ ಮಾಡ್ಯೂಲುಗಳಲ್ಲಿ ಕೆಲವಕ್ಕೆ 8 ಮೆಗಾಹರ್ಟ್ಸ್, ಕೆಲವಕ್ಕೆ 16 ಮೆಗಾಹರ್ಟ್ಸ್ ಸ್ಫಟಿಕವಿರುತ್ತದೆ. ಇರುವುದು 8 ಆಗಿದ್ದು ಬೋರ್ಡಿನ ಹೊಂದಿಕೆಯಲ್ಲಿ 16 ಎಂದು ಬರೆದರೆ, 500 ಎಂದು ಆಜ್ಞೆ ಕೊಟ್ಟರೂ ತಂತಿಯ ಮೇಲೆ ಹೊರಡುವ ವೇಗ 250 ಮಾತ್ರ. ಪರದೆಯಲ್ಲಿ ಜಾಲ ಚಾಲನೆಯಲ್ಲಿದೆಯೆಂದು ಕಾಣುತ್ತದೆ. ಮಾಹಿತಿ ಮಾತ್ರ ಬರುವುದಿಲ್ಲ. ನಾನು ಲೆಕ್ಕ ನೋಡುವ ಒಂದು ಘಟಕದಲ್ಲಿ ಇದೊಂದೇ ಕಾರಣಕ್ಕೆ ಹನ್ನೆರಡು ದಿನಗಳು ಕಳೆದವು. ತಂತಿ, ಮಾಡ್ಯೂಲು, ಬೋರ್ಡುಗಳನ್ನೆಲ್ಲ ಹೊಸದಾಗಿ ಕೊಳ್ಳಲಾಯಿತು. ಸ್ಫಟಿಕದ ಲೋಹದ ಕವಚದ ಮೇಲೆ '8.000' ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಮೂರನೆಯದಾಗಿ, ಒಂಟಿ ಉಪಕರಣದ ಸಮಸ್ಯೆ. ಮೇಜಿನ ಮೇಲೆ ಒಂದೇ ಉಪಕರಣವನ್ನಿಟ್ಟು ಸಂದೇಶ ಕಳುಹಿಸಿದರೆ ದೋಷ ಬಂದೇ ಬರುತ್ತದೆ. ಕ್ಯಾನ್ ಪದ್ಧತಿಯಲ್ಲಿ ಸಂದೇಶ ತಲುಪಿದ್ದಕ್ಕೆ ಮತ್ತೊಂದು ಉಪಕರಣವು ಒಪ್ಪಿಗೆ ಸೂಚಿಸಬೇಕು. ಸಹಿಯಾದ ಡೆಲಿವರಿ ಚಲನ್ ಹಿಂದಿರುಗದಿದ್ದರೆ ಮಾಲು ತಲುಪಿತೆಂದು ನಾವು ಒಪ್ಪುವುದಿಲ್ಲ, ಇದೂ ಹಾಗೆಯೇ. ಆದುದರಿಂದ ಪರೀಕ್ಷೆಗೆ ಎರಡು ಉಪಕರಣಗಳು ಬೇಕು. ಕೇವಲ ತಂತ್ರಾಂಶವನ್ನು ಪರೀಕ್ಷಿಸುವುದಾದರೆ ಲಿನಕ್ಸ್‌ನಲ್ಲಿಯೇ ಇರುವ ಕೃತಕ ಕ್ಯಾನ್ ಜಾಲ ಸಾಕು.

ನಿಜವಾದ ವಾಹನಕ್ಕೆ ಜೋಡಿಸುವಾಗ, ವಾಹನ ನಿಂತಿರುವಂತೆಯೇ, 'ಆಲಿಸುವ ಕ್ರಮ'ದಲ್ಲಿ ಮಾತ್ರ ಆರಂಭಿಸತಕ್ಕದ್ದು. ಆಗ ನಮ್ಮ ಉಪಕರಣದ ತಪ್ಪು ಹೊಂದಿಕೆಯಿಂದ ವಾಹನದ ಇತರ ನಿಯಂತ್ರಕಗಳ ಮಾತುಕತೆಗೆ ಅಡ್ಡಿಯಾಗುವುದಿಲ್ಲ. ಇದು ಸುರಕ್ಷತೆಯ ವಿಷಯವಾದುದರಿಂದ ಇದರಲ್ಲಿ ರಿಯಾಯಿತಿ ಸಲ್ಲದು.

ವಾಹನದೊಳಗಿನ ವಿದ್ಯುತ್

ಮೇಜಿನ ಮೇಲೆ ನಡೆದದ್ದು ವಾಹನದಲ್ಲಿ ನಡೆಯದಿದ್ದರೆ ಕಾರಣ ಬಹುತೇಕ ವಿದ್ಯುತ್ತಿನದು. ಎಂಜಿನ್ ಚಾಲೂ ಮಾಡುವ ಕ್ಷಣದಲ್ಲಿ 12 ವೋಲ್ಟಿನ ಬ್ಯಾಟರಿಯ ವೋಲ್ಟೇಜ್ ತೀವ್ರವಾಗಿ ಕುಸಿಯುತ್ತದೆ. ಬೇರೆ ಸಂದರ್ಭಗಳಲ್ಲಿ ಹಠಾತ್ತನೆ ಏರುವುದೂ ಉಂಟು. ಇದನ್ನು ತಾಳುವಂತಹ ವಾಹನ ದರ್ಜೆಯ ಪರಿವರ್ತಕವನ್ನೇ ಬಳಸಬೇಕು. ಕೀಲಿ ತಿರುಗಿಸಿದೊಡನೆ ವಿದ್ಯುತ್ ಕಡಿತವಾದರೆ ಕಾರ್ಡಿನ ಕಡತಗಳು ಕೆಡುತ್ತವೆ; ವ್ಯವಸ್ಥೆ ಕ್ರಮಬದ್ಧವಾಗಿ ಮುಚ್ಚಿಕೊಳ್ಳಲು ಕೆಲವು ಸೆಕೆಂಡುಗಳ ಅವಕಾಶವನ್ನು ವಿನ್ಯಾಸದಲ್ಲಿಯೇ ಕಲ್ಪಿಸಬೇಕು. ರಾಸ್ಪ್‌ಬೆರಿ ಪೈ ಕಲಿಕೆಗೆ ಮತ್ತು ಮಾದರಿಗೆ ಯೋಗ್ಯ. ಮಾರಾಟದ ಉಪಕರಣಕ್ಕೆ ವಾಹನ ದರ್ಜೆಯ ಭಾಗಗಳೇ ಬೇಕೆಂಬುದನ್ನು ದರಪಟ್ಟಿ ಕೊಡುವ ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಲೆಕ್ಕ ಮತ್ತು ಪರವಾನಗಿ

ಮೇಲೆ ಹೇಳಿದ ವಹಿಯು ತಂತ್ರಜ್ಞರಿಗಷ್ಟೇ ಅಲ್ಲದೆ ಮಾಲೀಕರಿಗೂ ಉಪಯುಕ್ತ. ಲೆಕ್ಕಪತ್ರ ಮಾನಕ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ವೆಚ್ಚವಾಗಿಯೇ ತೋರಿಸಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ಅಮೂರ್ತ ಆಸ್ತಿಯೆಂದು ತೋರಿಸಬೇಕಾದರೆ ಉತ್ಪನ್ನವು ತಾಂತ್ರಿಕವಾಗಿ ಸಾಧ್ಯವೆಂಬುದನ್ನು, ಅದನ್ನು ಪೂರ್ಣಗೊಳಿಸಿ ಮಾರುವ ಉದ್ದೇಶ ಮತ್ತು ಸಾಮರ್ಥ್ಯ ಇರುವುದನ್ನು, ಭವಿಷ್ಯದ ಆದಾಯವನ್ನು ಮತ್ತು ವೆಚ್ಚದ ನಂಬಲರ್ಹ ಅಳತೆಯನ್ನು ಸಿದ್ಧಪಡಿಸಬೇಕು. ಯಾವ ದಿನ ಯಾವ ಹಂತ ಯಶಸ್ವಿಯಾಯಿತೆಂಬ ದಾಖಲೆ ಇಲ್ಲದಿದ್ದರೆ ಲೆಕ್ಕಪರಿಶೋಧಕರು ಇದನ್ನು ಒಪ್ಪಲಾರರು.

ಪರವಾನಗಿಯ ವಿಷಯವೂ ಅಷ್ಟೇ ಮುಖ್ಯ. ಲಿನಕ್ಸ್‌ನ ತಿರುಳು ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಗೆ ಒಳಪಟ್ಟಿದೆ. ಅದನ್ನೊಳಗೊಂಡ ಉಪಕರಣವನ್ನು ಮಾರುವವರು ಆ ಭಾಗದ ಮೂಲ ಸಂಕೇತವನ್ನು ಜೊತೆಗೆ ಕೊಡಬೇಕು, ಅಥವಾ ಕನಿಷ್ಠ 3 ವರ್ಷ ಅದನ್ನು ಒದಗಿಸುವುದಾಗಿ ಲಿಖಿತ ವಾಗ್ದಾನ ನೀಡಬೇಕು. ಬಳಸಿದ ತಂತ್ರಾಂಶಗಳ ಪರವಾನಗಿ ಪಟ್ಟಿಯನ್ನು ಯೋಕ್ಟೋ ತಾನಾಗಿಯೇ ಸಿದ್ಧಪಡಿಸುತ್ತದೆ. ಪ್ರತಿ ಸರಬರಾಜಿನೊಂದಿಗೆ ಅದರ ಪ್ರತಿಯನ್ನು ಕಾಯ್ದಿಟ್ಟರೆ ಮುಂದೆ ಖರೀದಿದಾರರು ಕೇಳಿದಾಗ ಪರದಾಡಬೇಕಾಗಿಲ್ಲ.

ಈ ಕ್ಷೇತ್ರಕ್ಕೆ ಕಾಲಿಡಬಯಸುವ ಸಣ್ಣ ತಯಾರಕರು ಮೊದಲ ತಿಂಗಳಿನಲ್ಲಿ ಹೊಸ ಸಾಮಗ್ರಿಗೆ ಹಣ ಹಾಕುವ ಬದಲು ಸಿದ್ಧ ಪ್ರತಿ, ಒಂದು ಬೋರ್ಡ್, ಒಂದು ಸೀರಿಯಲ್ ತಂತಿ, ಎರಡು ಕ್ಯಾನ್ ಮಾಡ್ಯೂಲು, ಒಂದು ಮಲ್ಟಿಮೀಟರು ಮತ್ತು ಒಂದು ವಹಿಯಿಂದ ಆರಂಭಿಸಲಿ. ತಜ್ಞರನ್ನು ಕರೆಸುವ ಪ್ರಸಂಗ ಬಂದಾಗಲೂ ಆ ವಹಿಯನ್ನು ಅವರ ಮುಂದಿಟ್ಟರೆ, ಸಂಭಾವನೆಯ ಮೊದಲ ದಿನವು ಏನಾಯಿತೆಂದು ಕೇಳಿ ತಿಳಿಯುವುದರಲ್ಲಿಯೇ ಮುಗಿದುಹೋಗದು.